ಬಾಣಂತಿ ಮೀನು

"ಸೆರಗು ಬಿಚ್ಚೇ ಬೋಸುಡಿ! ಈ ವಯಸ್ಸಲ್ಲಿ ಬಸುರಾದ್ಯಾ?"

ಲೆಕ್ಕ ಬರೆಯುವ ರೈಟರ್ ಹಾಗೆ ಕೂಗಿದಾಗ ಶೆಡ್ಡಿನಲ್ಲಿ ನಾವೆಲ್ಲ ಮೀನಿನ ರಾಶಿಗೆ ಬಗ್ಗಿದ್ದೆವು. ಗೇಟಿನ ಹತ್ತಿರ ನಿಂತಿದ್ದವಳು ನನ್ನ ಓರಗಿತ್ತಿ. ಎಲ್ಲರ ಬಾಯಲ್ಲೂ ಅವಳು ಮುಳ್ಳಕ್ಕ. ಬೆರಳಿಗೆ ಮುಳ್ಳು ಹೊಕ್ಕರೆ ಕಿತ್ತೆಸೆದು ಕೆಲಸ ಮಾಡುವವಳು, ಮಾತೂ ಹಾಗೇ ಚುಚ್ಚುವಂಥದ್ದು. ಅವತ್ತು ಸೊಂಟಕ್ಕೆ ಎರಡೂ ಕೈ ಅಡ್ಡ ಹಿಡಿದಿದ್ದಳು. ರೈಟರ್ ಸೊಂಟದ ಗಂಟು ಹಿಡಿದೆಳೆದ. ಬೂದು ಬಣ್ಣದ ಗಿಡ್ಡ ಮೀನುಗಳು ಒದ್ದೆ ಸಿಮೆಂಟಿನ ಮೇಲೆ ಪಟಪಟ ಬಿದ್ದವು.

"ಕಳ್ಳಿ! ತಡಿ, ಧಣೀನೇ ಕರೀತೀನಿ."

ಹಿಂದಿನ ತಿಂಗಳಾಗಿದ್ದರೆ ಅವು ನಮ್ಮವೇ. ಕೆರೆ ಗುತ್ತಿಗೆ ಹಿಡಿದವನು ಧಣಿ. ದೋಣಿ, ಬಲೆ ಎಲ್ಲ ಅವನದು. ಗಂಡಸರು ಹಿಡಿದು ತಂದದ್ದನ್ನು ನಾವು ಹೆಂಗಸರು ಜಾತಿ ಜಾತಿ ಆರಿಸಿ ಐಸಿಗೆ ಹಾಕಬೇಕು. ಪೇಟೆಯವರು ಹೆಸರು ಹಿಡಿದು ಕೇಳುವುದೆಲ್ಲ ಅವನ ಪಾಲು. ಪೇಟೆಗೆ ಹೆಸರು ಗೊತ್ತಿಲ್ಲದ್ದು ಕಸ. ಕಸ ನಮ್ಮ ಪಾಲು.

ಆ ಕಸಕ್ಕೆ ನಮ್ಮಲ್ಲಿ ಹೆಸರುಗಳ ರಾಶಿಯೇ ಇತ್ತು. ಮೊದಲು ಬಾಯಿ ನೋಡ್ರೇ ಅನ್ನುತ್ತಿದ್ದಳು ನಮ್ಮತ್ತೆ. ಬಾಯಿ ಮೇಲಿದ್ದರೆ ನೊಣ ಹಿಡಿಯುವ ಮೀನು, ಕೆಳಗಿದ್ದರೆ ತಳದ್ದು. ತಳದಲ್ಲೂ ಕೆಸರಿನವು ಬೇರೆ, ಕಲ್ಲಿನವು ಬೇರೆ. ಕಲ್ಲಿಗೆ ಬಾಯಿಟ್ಟು ಅಂಟಿಕೊಂಡಿರುವುದು ಕಲ್ಮುತ್ತ. ಮರಿಯಾಗಿದ್ದಾಗ ಸೂಜಿ ಅನ್ನಿಸಿಕೊಂಡದ್ದು ಬೆಳೆದ ಮೇಲೆ ದಬ್ಬಳ. ಇನ್ನೊಂದಿದೆ, ಮೈಗಿಂತ ಬಾಯೇ ದೊಡ್ಡದು, ಒಳಗೆ ಬರೀ ಮುಳ್ಳು. ಅದಕ್ಕೆ ಧಣಿ ಅಂತಲೇ ಹೆಸರು. "ಏ, ಧಣಿ ಸಿಕ್ಕವ್ನೆ, ತಲೆ ಕುಯ್ಯೇ" ಅಂತ ಯಾರಾದರೂ ಅಂದರೆ ಶೆಡ್ಡೆಲ್ಲ ನಗು.

ಮರಿಗಳನ್ನು ಬಿಟ್ಟು ಕದಲದ, ಬೂದು ಬಣ್ಣದ ಕೆಸರು ಮೀನೊಂದು ಬಾಣಂತಿ ಮೀನು. ಹೆತ್ತವಳಿಗೆ ಅದರ ತಿಳಿಸಾರು ಕುಡಿಸಿದರೆ ಎದೆಹಾಲು ಇಳಿಯುತ್ತದೆ. ನಮ್ಮ ಕೇರಿಯ ಮಕ್ಕಳೆಲ್ಲ ಬೆಳೆದದ್ದು ಹಾಗೆಯೇ.

ಧಣಿಯ ಸೊಸೆ ಹೆತ್ತಳು. ಹಾಲಿಲ್ಲ. ಡಬ್ಬಿಯ ಪುಡಿ ಕೂಸಿನ ಹೊಟ್ಟೆಗೆ ಒಗ್ಗಲಿಲ್ಲ. ಧಣಿಯ ಹೆಂಡತಿ ತಾನೇ ಶೆಡ್ಡಿಗೆ ಬಂದಳು. ಮೂಗಿಗೆ ಸೆರಗು ಕೂಡ ಹಿಡಿಯದೆ ಮಗುಚಿದ ಕ್ರೇಟಿನ ಮೇಲೆ ಕೂತು ಅತ್ತಳು. ಮುಳ್ಳಕ್ಕನ ಮಗಳಿಗೂ ಆಗ ತುಂಬು ತಿಂಗಳು.

"ಅಳಬ್ಯಾಡಿ ಅಮ್ಮಾ. ಕೂಸು ಯಾರ್ದಾದ್ರೇನು, ಹಸಿವು ಒಂದೇಯ," ಅಂದು ಮುಳ್ಳಕ್ಕ ಹೆಸರು ಹೇಳಿದಳು, ತನ್ನ ಪಾಲಿನಿಂದಲೇ ತೆಗೆದುಕೊಟ್ಟಳು, ಸಾರು ಮಾಡುವ ಬಗೆಯನ್ನೂ ಹೇಳಿಕೊಟ್ಟಳು. ಹಾಲು ಬಂತು. "ನಿನ್ನ ಹೊಟ್ಟೆ ತಣ್ಣಗಿರಲಿ" ಅಂತ ಅಮ್ಮಾವ್ರು ಹರಸಿ ಕಳಿಸಿದರು.

ಮರುವಾರ ಧಣಿ ಬಂದ. "ಹಾಲು ಬರ್ಸೋ ಮೀನಂತೆ? ಪೇಟೇಲಿ ಔಷಧಿಗಿಂತ ಜಾಸ್ತಿ ಓಡುತ್ತೆ ಕಣ್ರೇ ಇದು. ಇವತ್ತಿಂದ ಇದಕ್ಕೆ ಬೇರೆ ಕ್ರೇಟು."

"ಅದು ಕಸ ಅಲ್ವಾ ಧಣಿ, ನಮ್ ಪಾಲಿಂದು," ಅಂದಳು ಮುಳ್ಳಕ್ಕ.

"ಹೆಸ್ರಿರೋದು ಕಸ ಹೆಂಗಾಯ್ತೇ? ನೀನೇ ತಾನೇ ಹೆಸ್ರು ಹೇಳಿದ್ದು?"

ಆಮೇಲೆ ಮಗಳು ಹೆತ್ತಳು. ಕೂಸು ಎದೆ ಚೀಪಿ ಚೀಪಿ ಸುಸ್ತಾಗಿ ಬೆಕ್ಕಿನ ಮರಿಯ ಹಾಗೆ ಅಳುತ್ತಿತ್ತು. ಮುಳ್ಳಕ್ಕ ಧಣಿಯ ಮನೆಯ ಹಿತ್ತಿಲ ಬಾಗಿಲಿಗೆ ಹೋಗಿ ನಿಂತಳು. "ಅವರ ವ್ಯವಹಾರಕ್ಕೆ ನಾನು ಬಾಯಿ ಹಾಕಲ್ಲ ಕಣೇ," ಅಂದು ಅಮ್ಮಾವ್ರು ಬಾಗಿಲು ಮುಂದೆ ಮಾಡಿದರು. ಅದಕ್ಕೇ ಅವಳು ಅವತ್ತು ಮೀನನ್ನು ಸೆರಗಿಗೆ ಕಟ್ಟಿಕೊಂಡದ್ದು.

ರೈಟರ್ ಕರೆದದ್ದಕ್ಕೆ ಬಂದ ಧಣಿ ನೆಲ ನೋಡಿದ, ಅವಳನ್ನು ನೋಡಿದ.

"ಎತ್ತಿ ಕ್ರೇಟಿಗೆ ಹಾಕು."

ಮುಳ್ಳಕ್ಕ ಬಗ್ಗಿ ಕೈ ಚಾಚಿದಳು.

"ಕೈಯಲ್ಲಲ್ಲ. ಅದು ಕದ್ದ ಕೈ. ಬಾಯಲ್ಲಿ ಕಚ್ಚಿ ಎತ್ತು, ನಾಯಿ ಮುಂಡೆ."

ಅವಳ ಗಂಡ, ನನ್ನ ಭಾವ, ಬಲೆ ಹೊತ್ತು ಕಂಬದ ಹತ್ತಿರವೇ ಇದ್ದರು. ತಮ್ಮ ಕಾಲು ನೋಡಿಕೊಂಡರು. ಮುಳ್ಳಕ್ಕ ಮಂಡಿಯೂರಿದಳು. ಒಂದೊಂದಾಗಿ ಎತ್ತಿದಳು. ರೈಟರ್ ನಕ್ಕ. ನನ್ನ ಕೈಯಲ್ಲಿದ್ದ ಮೀನಿನ ಕಿವಿರು ಯಾವಾಗ ಹರಿಯಿತೋ ನನಗೆ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಲಾರಿ ಬಂದು ನಿಂತಿತ್ತು. ನಾವು ಮುಂಚೆ ಏನೂ ಮಾತಾಡಿಕೊಂಡಿರಲಿಲ್ಲ. ಮುಳ್ಳಕ್ಕ ಆರಿಸಿಟ್ಟಿದ್ದ ತನ್ನ ಕ್ರೇಟನ್ನು ಎತ್ತಿ ರಾಶಿಯ ಮೇಲೆ ಬೋರಲು ಹಾಕಿದಳು. ನಾನೂ ಹಾಕಿದೆ. ಪಕ್ಕದವಳೂ ಹಾಕಿದಳು. ಹಿರಿದು ಕಿರಿದು ಎಲ್ಲ ಬೆರೆತು ಒಂದೇ ಗುಡ್ಡೆಯಾಯಿತು.

"ಏನ್ರೇ ಇದು?" ಧಣಿ ಓಡಿ ಬಂದ.

"ಕಸ ಧಣಿ," ಅಂದೆ ನಾನು.

ಅವನು ಮೊಳದುದ್ದದ ಮೀನೊಂದನ್ನು ಬಾಲ ಹಿಡಿದೆತ್ತಿದ. "ಇದೂ ಕಸಾನೇನೇ, ಹಲ್ಕಾ ಮುಂಡೇವಾ? ಏನಿದರ ಹೆಸ್ರು?"

"ನಮ್ಗೇನ್ ಗೊತ್ತು ಸಾಮಿ," ಮೂಲೆಯಿಂದ ಮುದುಕಿಯೊಬ್ಬಳು ಅಂದಳು. "ಮೀನಿದ್ದಂಗದೆ."

ಯಾರೂ ನಗಲಿಲ್ಲ. ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ. ಐಸು ಕರಗಿ ಚರಂಡಿ ಸೇರುತ್ತಿತ್ತು.

"ನಾಳೆಯಿಂದ ಬೇರೆ ಜನ ಕರೆಸ್ತೀನಿ. ನೀವು ಮಣ್ಣು ತಿನ್ನಿ!" ಅಂದ ಧಣಿ. ಕರೆಸುವವನೇ ಅವನು. ಒಬ್ಬಿಬ್ಬರು ಅಳತೊಡಗಿದರು. ಇಬ್ಬರು ಹೆದರಿ ಮತ್ತೆ ಆರಿಸಲು ಕೂತರು. ಅವರನ್ನು ಏನಂತ ಬಯ್ಯಲಿ?

ಮುಳ್ಳಕ್ಕ ರಾಶಿಯೊಳಗೆ ಮೊಣಕೈವರೆಗೂ ಕೈ ಇಳಿಸಿ ಒಂದು ಮೀನು ತೆಗೆದಳು. ಬೂದು ಬಣ್ಣದ್ದು. ಸೆರಗಿನಲ್ಲಿ ಮುಚ್ಚಲಿಲ್ಲ. ಕಿವಿರಿಗೆ ಬೆರಳು ತೂರಿಸಿ ಎಲ್ಲರಿಗೂ ಕಾಣುವಂತೆ ಹಿಡಿದು ಗೇಟಿನ ಕಡೆ ನಡೆದಳು. ರೈಟರ್ ಓಡಿ ಗೇಟೆಳೆದು ಅಡ್ಡ ನಿಂತ.

"ಏನೇ ಅದು ಕೈಯಲ್ಲಿ?"

"ಬಾಣಂತಿ ಮೀನು ಕಣೋ," ದೋಣಿಕಟ್ಟೆಯವರೆಗೂ ಕೇಳುವಂತೆ ಅಂದಳು. "ನನ್ ಮಗ್ಳು ಬಾಣಂತಿ. ತೆಗಿ ಗೇಟು."

ಅವನು ಧಣಿಯ ಮುಖ ನೋಡಿದ. ನಾವು ಕೂತಲ್ಲಿಂದ ಎದ್ದೆವು. ಅವತ್ತೂ ಕಂಬದ ಹತ್ತಿರವೇ ನಿಂತಿದ್ದ ಭಾವ ಹೆಗಲ ಮೇಲಿನ ಬಲೆಯನ್ನು ನೆಲಕ್ಕೆ ಹಾಕಿದರು. ರೈಟರನ ಕೈ ಚಿಲಕದ ಮೇಲಿತ್ತು. ತೆಗೆಯಲೂ ಇಲ್ಲ, ಬಿಡಲೂ ಇಲ್ಲ. ಮುಳ್ಳಕ್ಕ ಇನ್ನೊಂದು ಹೆಜ್ಜೆ ಮುಂದಿಟ್ಟಳು.