ಮಾಬೂಬೀಗೆ ನೀರು ಹಾಕುವವರು

ರುಕ್ಸಾನಾ ಬೋರೆ ಕೊಂಬೆಯಿಂದ ಒಂದೊಂದೇ ಎಲೆ ಬಿಡಿಸಿ ಬಕೆಟ್ಟಿಗೆ ಹಾಕುತ್ತಿದ್ದಳು. ಮುಳ್ಳು ಚುಚ್ಚಿ ಬೆರಳಲ್ಲಿ ರಕ್ತ ಬಂದರೂ ಒರೆಸಿಕೊಳ್ಳಲಿಲ್ಲ. ಹೆಣ ತೊಳೆಯುವ ನೀರಿಗೆ ಬೋರೆ ಎಲೆ ಹಾಕಬೇಕೆಂಬುದು ನಿಟ್ಟುವಳ್ಳಿಯ ಆ ಓಣಿಯಲ್ಲಿ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಆಮೇಲೆ ಮಾಡಬೇಕಾದ್ದೆಲ್ಲ ಗೊತ್ತಿದ್ದದ್ದು ಮಾಬೂಬೀ ಒಬ್ಬಳಿಗೇ. ಆಕೆ ರುಕ್ಸಾನಾಳ ಅತ್ತೆ. ಬೆಳಿಗ್ಗೆ ಚಹಾ ಕೊಡಲು ಹೋದಾಗ ಎಚ್ಚರಾಗಿರಲಿಲ್ಲ. ಈಗ ಒಳಗೆ, ಮುಖಕ್ಕೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು.

ರುಕ್ಸಾನಾಳ ಗಂಡ ಇಜಾಜ್ ಬಾಗಿಲಲ್ಲಿ ನಿಂತು ಕೇಳಿದ. "ಮಧ್ಯಾಹ್ನದ ನಮಾಜಿಗೆ ಒಯ್ಯಬೇಕು. ಅಮ್ಮಿನ ತೊಳಿಯೋರು ಯಾರು?"

ಅಂಗಳದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಮ್ಮತ್ತಿಗೆ ಇವರೇ ಮಾಡಿದ್ರು," ಎಂದಳೊಬ್ಬಳು.

"ನಮ್ಮಮ್ಮಗೂ ಇವರೇ. ನಾನು ಹೊರಗ ಕುಂತು ಅಳತಿದ್ದೆ. ಒಳಗ ಏನ್ ಮಾಡಿದ್ರೋ ಯಾರಿಗ್ ಗೊತ್ತು."

ಪಕ್ಕದ ಮನೆಯ ಉಚ್ಚೆಂಗೆಮ್ಮ ಮೂಗು ಒರೆಸಿಕೊಂಡು ಬೈದಳು. "ಊರಿಗೆಲ್ಲ ಮಾಡಿ, ತನ್ನ ಪಾಳಿಗೆ ಯಾರನ್ನ ಕರೀಬೇಕು ಅಂತ ಹೇಳಿಟ್ಟು ಹೋಗಬಾರ್ದಾ ಈ ಮುದುಕಿ?"

"ಹರಿಹರದ ಅಂಜುಮ್‌ಗೆ ಫೋನ್ ಮಾಡೀನಿ," ಎಂದು ಹೊರಗಿನಿಂದ ಓಣಿಯ ಹಿರಿಯ ಬುಡನ್ ಸಾಬ್ ಕೂಗಿ ಹೇಳಿದರು. "ಆಕಿಗೂ ಈ ಕೆಲಸ ಬರ್ತೈತಿ. ಬಸ್ ಹತ್ಯಾಳಂತೆ."

ಆ ಹೆಸರು ಕೇಳಿ ರುಕ್ಸಾನಾಳ ಕೈ ಎಲೆಯ ಮೇಲೆ ನಿಂತಿತು.

* * *

ಗಂಡ ಹಯಾತ್ ಸಾಬ್ ತೀರಿಕೊಂಡಾಗ ಮಾಬೂಬೀಗೆ ಅರವತ್ತಮೂರು. ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು ಆಮೇಲೆ ಹಾಸಿಗೆ ಹಿಡಿದಳು. ಮಂಡಿ ನೋವು, ಬಿಪಿ, ನಿದ್ದೆಯಿಲ್ಲ. ಹಿಂದಿನ ಓಣಿಯಲ್ಲಿ ಯಾರೂ ಇಲ್ಲದ ಮುದುಕಿಯೊಬ್ಬಳು ಸತ್ತಾಗ ತೊಳೆಯುವವರ ಜೊತೆ ನೀರು ಹಾಕಲು ಯಾರೋ ಆಕೆಯನ್ನು ಕರೆದೊಯ್ದರು. ತಿರುಗಿ ಬಂದವಳು ಸ್ನಾನ ಮಾಡಿ, ಮೂರು ರೊಟ್ಟಿ ತಿಂದು, ಸಂಜೆಯವರೆಗೆ ಮಲಗಿದಳು.

ಅಂದಿನಿಂದ ಯಾರು ಕರೆದರೂ ಹೊರಟುಬಿಡುತ್ತಿದ್ದಳು. ಹರಿಹರಕ್ಕೂ ಬಸ್ಸಿನಲ್ಲಿ ಹೋಗುತ್ತಿದ್ದಳು. ದುಡ್ಡು ಹಾಗಿರಲಿ, ಆ ಮನೆಗಳಲ್ಲಿ ಚಹಾ ಕೂಡ ಕುಡಿಯುತ್ತಿರಲಿಲ್ಲ.

"ಬಿಪಿ ಇಳಿದೈತಲ್ಲಮ್ಮ, ಏನ್ ಮಾಡಿದ್ರಿ?" ಎಂದು ಡಾಕ್ಟರು ಕೇಳಿದಾಗ, "ಸತ್ತೋರ ಮನಿಗೆ ಹೋಗಿ ಬರ್ತೀನಿ ಡಾಕ್ಟ್ರೆ, ನೀವೂ ಬರ್ರಿ," ಎಂದು ನಕ್ಕಿದ್ದಳು. ಪಕ್ಕದಲ್ಲಿದ್ದ ರುಕ್ಸಾನಾ ನಾಚಿಕೆಯಿಂದ ನೆಲ ನೋಡಿದ್ದಳು.

ರುಕ್ಸಾನಾ ಮದುವೆ ರವಿಕೆ ಹೊಲಿಯುತ್ತಿದ್ದಳು. ಕೆ.ಬಿ. ಬಡಾವಣೆಯ ಆಶಾರಾಣಿ ಮಗಳ ರವಿಕೆಗಳನ್ನು ನೋಡಲು ಬಂದ ದಿನ ಮಾಬೂಬೀ ಅವಕ್ಕೆ ಹುಕ್ ಹಾಕುತ್ತಾ ಕೂತಿದ್ದಳು.

"ಹೆಣ ತೊಳಿಯೋರು ಇವರೇ ಏನು?" ಎಂದು ಮೆಲ್ಲಗೆ ಕೇಳಿದ ಆಶಾರಾಣಿ, ಅರ್ಧ ಹೊಲಿದ ಬಟ್ಟೆಗಳನ್ನೇ ಮಡಚಿಕೊಂಡು ಹೋದಳು.

ಅವತ್ತು ರುಕ್ಸಾನಾ ಅತ್ತೆಗೆ ಹೇಳಿದಳು. "ಇನ್ಮ್ಯಾಲೆ ಬ್ಯಾಡ ಅಮ್ಮಿ. ನಂಗೆ ತಲೆ ಎತ್ತಾಕೆ ಆಗ್ತಿಲ್ಲ."

"ಕರೆದ್ರೆ ಹೆಂಗೆ ಹೋಗ್ದೆ ಇರ್ಲಿ?"

"ಯಾರಾದ್ರೂ ಹೋಗ್ತಾರೆ ಬಿಡ್ರಿ."

ಮಾಬೂಬೀ ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟಳು.

ರಂಜಾನ್ ಮುಗಿದ ವಾರ ಹರಿಹರದಿಂದ ಫೋನ್ ಬಂತು. ಅಂಜುಮ್ ಎಂಬ ಹೆಂಗಸು ಅಳುತ್ತಾ, ಅಮ್ಮ ಹೋದಳು, ಮಾಬೂಬೀ ಖಾಲಾನ ಕಳಿಸಿ ಅಂದಳು. "ಅವರು ಊರಲ್ಲಿಲ್ಲ, ತುಮಕೂರಿಗೆ ಹೋಗ್ಯಾರೆ," ಎಂದಳು ರುಕ್ಸಾನಾ. ಮೂರಡಿ ದೂರದಲ್ಲಿ ಕೂತಿದ್ದ ಮಾಬೂಬೀ ಅದನ್ನು ಕೇಳಿ ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡಳು. ಆಮೇಲೆ ಆಕೆಗೆ ಅರ್ಧ ರೊಟ್ಟಿಯೂ ಸೇರಲಿಲ್ಲ. ಮನೆಮುಂದಿನ ಕಟ್ಟೆಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು.

* * *

ಅಂಜುಮ್ ಬಂದವಳೇ ಬುರ್ಖಾ ತೆಗೆದು ತೋಳು ಏರಿಸಿದಳು. ಅಂಗಳದ ಮೂಲೆಯಲ್ಲಿ ಚಾದರ ಕಟ್ಟಿಸಿ, ಹಲಗೆ ಹಾಕಿಸಿ, ನಾಲ್ವರಿಂದ ಮಾಬೂಬೀಯನ್ನು ಎತ್ತಿ ತರಿಸಿದಳು.

"ನಿಂಗ್ಯಾರು ಕಲಿಸಿದ್ರವ್ವ?" ಉಚ್ಚೆಂಗೆಮ್ಮ ಕೇಳಿದಳು.

"ಇವರೇ. ನಮ್ಮತ್ತಿನ ತೊಳಿಯಾಕೆ ಬಂದಾಗ ನನ್ನ ಕೈಲೇ ನೀರು ಹಾಕಿಸಿದ್ರು. ಅಮ್ಮ ಹೋದಾಗ ಫೋನ್ ಮಾಡಿದೆ, ತುಮಕೂರಿಗೆ ಹೋಗ್ಯಾರೆ ಅಂದ್ರು. ಇದ್ದಿದ್ರೆ ಓಡಿ ಬರ್ತಿದ್ರು ಪಾಪ. ಯಾರೂ ಸಿಗ್ಲಿಲ್ಲ. ಅಮ್ಮನ್ನ ನಾನೊಬ್ಬಳೇ ತೊಳೆದೆ. ಎತ್ತಾಕೆ ಆಗ್ದೆ ಒಂದ್ಸಲ ಕೈ ಜಾರಿಬಿಡ್ತು."

"ಯಾವಾಗ?"

"ರಂಜಾನ್ ಆದ ಮ್ಯಾಲೆ."

"ತುಮಕೂರಾ!" ಉಚ್ಚೆಂಗೆಮ್ಮನ ದನಿ ಏರಿತು. "ಆಗಿನಿಂದ ಈ ಕಟ್ಟೆ ದಾಟಿಲ್ಲವ್ವ ಆಯಮ್ಮ. ದಿನಾ ನನ್ನ ಜೊತೀಗೇ ಕುಂತಿರ್ತಿದ್ಲು. ಯಾರು ಹೇಳಿದ್ರು ನಿಂಗೆ?"

ಬಾಯಿ ತಪ್ಪಿ ಮಾತಾಡಿದ್ದು ತಾನೇ ಎಂಬಂತೆ ಉಚ್ಚೆಂಗೆಮ್ಮ ಸೆರಗನ್ನು ತುಟಿಗೆ ಒತ್ತಿಕೊಂಡಳು. ಹೆಂಗಸರು ಯಾರೂ ರುಕ್ಸಾನಾಳ ಕಡೆ ನೋಡಲಿಲ್ಲ. ಅವರು ನೋಡದಿದ್ದುದರಿಂದಲೇ ಅವಳಿಗೆ ಕಿವಿಯವರೆಗೂ ಸುಟ್ಟಂತಾಯಿತು.

"ನಾನೇ ಹೇಳಿದ್ದು," ಎಂದಳು. "ಅಮ್ಮಿ ಇಲ್ಲೇ ಇದ್ರು. ಕೇಳಿಸ್ಕೊಂಡ್ರು ಕೂಡ."

ಅಂಜುಮ್ ಚಾದರದೊಳಗೆ ಹೋದಳು. ಒಳಗಿನಿಂದ ಅವಳ ದನಿ ಬಂತು. "ನೀರು ಹಾಕಾಕೆ ಒಬ್ರು ಬರ್ರಿ."

ಯಾರೂ ಏಳಲಿಲ್ಲ. ರುಕ್ಸಾನಾ ಬಕೆಟ್ಟು ಎತ್ತಿಕೊಂಡಳು. ಚಾದರದ ಹತ್ತಿರ ಹೋಗುವಷ್ಟರಲ್ಲಿ ಅರ್ಧ ನೀರು ಪಾದದ ಮೇಲೆ ಚೆಲ್ಲಿತ್ತು. ಚಾದರದ ಕೆಳಗೆ ಅಂಜುಮ್‌ಳ ಬರಿಗಾಲು, ಹಲಗೆಯ ಕಾಲು, ಹರಿದು ಬರುತ್ತಿದ್ದ ತೆಳ್ಳನೆಯ ನೀರು ಕಂಡವು. ಒಳಗೆ ಅಂಜುಮ್ ಒಬ್ಬಳೇ ಏದುಸಿರು ಬಿಡುತ್ತಾ ಏನನ್ನೋ ಎತ್ತಲು ನೋಡುತ್ತಿದ್ದಳು.

ರುಕ್ಸಾನಾ ಚಾದರವನ್ನು ಮುಟ್ಟಲಿಲ್ಲ.

"ನಾನು ಹಾಕ್ತೀನಿ," ಎಂದಳು. "ನನ್ನ ಒಳಗೆ ಕರೀರಿ."