ಮೆಣಸಿನಕಾಯಿ ಗಾಡಿಯಲ್ಲಿ ಸಮುದ್ರಕ್ಕೆ

ಬ್ಯಾಡಗಿ ಬಿಟ್ಟು ಹಾವೇರಿ ದಾಟುವುದರೊಳಗೆ ಗಾಡಿಯಲ್ಲಿದ್ದವರೆಲ್ಲ ಸೀನತೊಡಗಿದ್ದರು.

ಅದು ಕರಬಸಪ್ಪನವರ ಮ್ಯಾಟಡೋರ್, ಹುಟ್ಟಿದಾಗಿನಿಂದ ಮೆಣಸಿನಕಾಯಿ ಚೀಲ ಹೊತ್ತ ಗಾಡಿ. ಎಂಬತ್ತೊಂಬತ್ತರ ಬೇಸಗೆಯಲ್ಲಿ ಅವರು ಯಾವುದೋ ಕ್ಯಾಲೆಂಡರಿನಲ್ಲಿ ವಿದೇಶದ ಗಾಲಿಮನೆಯ ಚಿತ್ರ ಕಂಡರು. ಕಂಡವರು ಸುಮ್ಮನಿರಲಿಲ್ಲ. ಗಾಡಿ ತೊಳೆಸಿದರು, ಬಡಗಿಯನ್ನು ಕರೆಸಿ ಎರಡು ಮಂಚ ಕೂಡಿಸಿದರು, ಕಿಟಕಿ ಕೊರೆಸಿದರು, ಹೂವಿನ ಪರದೆ ಕಟ್ಟಿದರು, ಮೂಲೆಯಲ್ಲಿ ಸೀಮೆಎಣ್ಣೆ ಸ್ಟೋವ್ ಇಟ್ಟು ಇನ್ನು ಇದು ಮನೆ ಎಂದು ಸಾರಿದರು. ಹಲಗೆ ಸಂದಿಯಲ್ಲಿ ಕೂತಿದ್ದ ಕೆಂಪು ಪುಡಿ ಮಾತ್ರ ಅದನ್ನು ಒಪ್ಪಲಿಲ್ಲ. ತಗಡು ಕಾದಂತೆಲ್ಲ ಅದು ಮೇಲೆದ್ದಿತು. ಮೊದಲು ಅವರ ಹೆಂಡತಿ ಫಕ್ಕೀರವ್ವ ಸೀನಿದಳು, ಆಮೇಲೆ ಮೊಮ್ಮಗಳು ಪ್ರೇಮಾ, ಆಮೇಲೆ ಗಾಡಿ ಹೊಡೆಯುತ್ತಿದ್ದ ಮಗ ಹೇಮಪ್ಪ. ಅವನು ಸೀನಿದಾಗಲೆಲ್ಲ ಗಾಡಿಯೂ ಎಡಕ್ಕೊಮ್ಮೆ ಜಿಗಿಯುತ್ತಿತ್ತು.

"ಏ, ರಸ್ತಾ ನೋಡಿ ಸೀನಲೇ!" ಎಂದರು ಕರಬಸಪ್ಪ.

"ಸೀನು ಬಂದಾಗ ಕಣ್ಣ ತಾವ ಮುಚ್ಚತಾವಪ್ಪಾ, ನಾ ಏನ್ ಮಾಡ್ಲಿ!"

ಹಿಂದೆ ರೊಟ್ಟಿಗಂಟಿನ ಪಕ್ಕ ಕೂತಿದ್ದ ಸೊಸೆ ದೇವವ್ವ ಸೆರಗಿನೊಳಗೇ ಸೀನಿ, ಸೆರಗಿನೊಳಗೇ ನಕ್ಕಳು. ಅವಳ ತಲೆಯಲ್ಲಿ ಇದ್ದದ್ದು ಒಂದೇ: ಈಜಬೇಕು. ಅವಳು ಗಳಗನಾಥದ ಹುಡುಗಿ. ವರದೆ ತುಂಗಭದ್ರೆಯನ್ನು ಕೂಡುವಲ್ಲಿ ಎಮ್ಮೆಗಳ ಜೊತೆ ಈಜುತ್ತ ಬೆಳೆದವಳು. ಮದುವೆಯಾಗಿ ಬ್ಯಾಡಗಿಗೆ ಬಂದ ಮೇಲೆ ನೀರೆಂದರೆ ಬಚ್ಚಲಿನ ಹಂಡೆ ಮತ್ತು ಒಂದು ತಂಬಿಗೆ. ಹೊರಡುವ ಮುಂಚೆ ಗಂಡನಿಗೆ ಹೇಳಿದ್ದಳು: "ಒಮ್ಮಿ ಈಜತೇನ್ರಿ. ಒಮ್ಮಿಯಾದ್ರೂ."

"ಅಪ್ಪನ ಮುಂದ? ತಲಿ ಮ್ಯಾಲಿನ ಸೆರಗ ಜಾರಿದ್ರ ಮನ್ಯಾಗ ಮೂರ ದಿನ ಮಾತಿರೂದಿಲ್ಲ, ನೀ ಈಜಾಕ ಹೊಂಟೀಯೇನ?" ಎಂದು ಹೇಮಪ್ಪ ಅಲ್ಲಿಗೇ ಮುಗಿಸಿದ್ದ.

ಸಿರಸಿ ದಾಟಿ ಘಟ್ಟ ಇಳಿದು ಕುಮಟೆ ಮುಟ್ಟಿದಾಗ ಸಮುದ್ರ ಕಂಡಿತು. ಕರಬಸಪ್ಪ ಕಟ್ಟಳೆ ಹಾಕಿದರು: "ಹೆಣ್ಮಕ್ಕಳು ಕಾಲುಂಗರ ತೊಯಿಸಿಕೊಂಡು ಹೊಳ್ಳಿ ಬರ್ರಿ." ಕಾಲುಂಗರ ತೋಯ್ದವು, ಮರಳಿದರು. ಗೋಕರ್ಣದಲ್ಲಿ ಜನ ಹೆಚ್ಚೆಂದು ತಲೆಗೆ ನೀರು ಚಿಮುಕಿಸಿಕೊಂಡದ್ದಷ್ಟೇ. ಅಂಕೋಲೆಯಲ್ಲಿ ಮೀನಿನ ವಾಸನೆಗೆ ಕಿಟಕಿ ಹಾಕಿಕೊಂಡರು, ಕಿಟಕಿ ಹಾಕಿದ್ದಕ್ಕೆ ಮತ್ತೆ ಸೀನಿದರು. ಇನ್ನೊಂದು ದಂಡೆ ನೋಡಿ ಬೆಳಿಗ್ಗೆ ಊರಿಗೆ ಹೊರಡುವುದೆಂದು ಮಾವ ಹೇಳಿದಾಗ ದೇವವ್ವ ಕಿಟಕಿಯ ಪರದೆ ಸರಿಸಿ ಹೊರಗೆ ನೋಡಿದಳು. ಇಷ್ಟು ನೀರು! ಇಷ್ಟು ನೀರಿದ್ದೂ!

ಕೊನೆಯ ದಂಡೆಯಲ್ಲಿ ನೀರು ಬಹಳ ದೂರ ಹಿಂದೆ ಸರಿದಿತ್ತು. ಹಸಿ ಮರಳು ಗಟ್ಟಿಯಾಗಿ, ನುಣ್ಣಗೆ ಹರಡಿಕೊಂಡಿತ್ತು.

"ಕಣ ಮಾಡಿಟ್ಟಂಗ ಐತಿ. ತಂಪೂ ಐತಿ. ಇಲ್ಲೇ ನಿಲ್ಲಸು," ಎಂದರು ಕರಬಸಪ್ಪ. ಹಿಂಬಾಗಿಲು ಸಮುದ್ರಕ್ಕೆ ತೆರೆಯುವಂತೆ ಹೇಮಪ್ಪ ಗಾಡಿ ನಿಲ್ಲಿಸಿದ. ರೊಟ್ಟಿ, ಶೇಂಗಾ ಚಟ್ನಿ ತಿಂದು, ಮಜ್ಜಿಗೆ ಕುಡಿದು ಎಲ್ಲರೂ ಅಡ್ಡಾದರು. ಪಾತ್ರೆ ತೊಳೆಯುತ್ತಿದ್ದ ದೇವವ್ವ ತಲೆಯೆತ್ತಿದಳು. ನೀರು ಹತ್ತಿರ ಬಂದಿತ್ತು.

"ಮಾವಾರ, ನೀರ ಮುಂದ ಬರಾಕತ್ತೈತ್ರಿ."

ಕರಬಸಪ್ಪ ಕಣ್ಣು ತೆರೆಯಲಿಲ್ಲ. "ಬ್ಯಾಸಗ್ಯಾಗ ಯಾವ ನೀರ ಏರತೈತಿ ಯವ್ವಾ? ಮ್ಯಾಲ ಮಳಿ ಆಗಿಲ್ಲ, ಡ್ಯಾಮ ಬಿಟ್ಟಿಲ್ಲ. ಸುಮ್ಮ ಕುಂದ್ರು."

ಹೊಳೆ ಕಂಡವರ ಮಾತು. ದೇವವ್ವನಿಗೂ ಗೊತ್ತಿದ್ದದ್ದು ಹೊಳೆಯೇ. ಆದರೆ ಸ್ವಲ್ಪ ಹೊತ್ತಿಗೆ ನೊರೆಯೊಂದು ಬಂದು ಹಿಂದಿನ ಗಾಲಿಯನ್ನು ನೆಕ್ಕಿ ಹೋಯಿತು. ಅವಳು ಇನ್ನೊಮ್ಮೆ ಬಾಯಿ ತೆರೆದಳು. ಗೊರಕೆ ಹೊಡೆಯುತ್ತಿದ್ದ ಮಾವನನ್ನು ನೋಡಿದಳು. ಬಾಯಿ ಮುಚ್ಚಿಕೊಂಡಳು. ಒಮ್ಮೆ ಹೇಳಿದ್ದಾಗಿತ್ತಲ್ಲ!

ಮುಂದಿನ ದೊಡ್ಡ ಅಲೆ ನೇರ ಮನೆಯೊಳಗೇ ಬಂತು. ರೊಟ್ಟಿಗಂಟು ತೇಲಿತು, ಒಂದು ಚಪ್ಪಲಿ ಅದರ ಬೆನ್ನು ಹತ್ತಿತು. ಪ್ರೇಮಾ ಮಂಚದ ಮೇಲೆ ಕುಣಿಯುತ್ತ ಕೂಗಿದಳು: "ಅಜ್ಜಾ, ನಮ್ಮ ಮನಿ ಹೊಂಟೈತಿ!"

ಹೇಮಪ್ಪ ಎಂಜಿನ್ ಚಾಲೂ ಮಾಡಿದ. ಗಾಲಿಗಳು ಗರಗರ ತಿರುಗಿ ಇನ್ನೂ ಆಳಕ್ಕೆ ಕೂತವು. ದೋಣಿಯ ನೆರಳಲ್ಲಿ ಬಲೆ ಹೆಣೆಯುತ್ತಿದ್ದ ಮೀನುಗಾರರು ದಪ್ಪ ಹಗ್ಗ ಹೊತ್ತು ನಗುತ್ತಲೇ ಓಡಿ ಬಂದರು.

"ಎಂತ ಮಾರಾಯ್ರೆ, ಗಾಡಿಗೆ ಸ್ನಾನ ಮಾಡ್ಸೂಕೆ ತಂದ್ರಾ?" ಎಂದ ಅವರಲ್ಲಿ ಹಿರಿಯ. "ಇಲ್ಲಿ ನೀರು ದಿನಾ ಏರ್ತದೆ, ದಿನಾ ಇಳೀತದೆ."

"ದಿನಾನೂ? ಮಳಿ ಇಲ್ದ?" ತೊಡೆಯುದ್ದ ನೀರಲ್ಲಿ ನಿಂತಿದ್ದ ಕರಬಸಪ್ಪ, ಯಾರೋ ಬೇಕೆಂದೇ ತಮಗೊಬ್ಬರಿಗೆ ತಿಳಿಸದೆ ಬಿಟ್ಟಿದ್ದಾರೆ ಎಂಬಂತೆ ಕೇಳಿದರು. ಆಮೇಲೆ ಗಾಬರಿಯಲ್ಲಿ ಎಲ್ಲ ಕಟ್ಟಳೆ ಮರೆತು ಕೂಗಿದರು: "ಎಲ್ಲಾರೂ ಹಿಂದ ಬರ್ರಿ! ದೇವವ್ವಾ, ನೀನೂ ಬಾ! ನೂಕ್ರಿ!"

ಹಿಂದೆ ಎಂದರೆ ಸಮುದ್ರ. ದೇವವ್ವ ಸೀರೆಯನ್ನು ಕಚ್ಚೆಯಾಗಿ ಸಿಕ್ಕಿಸಿ ಜಿಗಿದಳು. ಮುಂದಿನವರು ಹಗ್ಗ ಜಗ್ಗಿದರು, ಹಿಂದಿನವರು ನೂಕಿದರು. ಅಷ್ಟರಲ್ಲಿ ಒಂದು ಅಲೆಯೂ ಬಂದು ಕೈಜೋಡಿಸಿತು. ಎಮ್ಮೆಯ ಹೊಟ್ಟೆಯಿಂದ ಕರು ಜಾರಿದಂತೆ ಗಾಡಿ ಪುಳಕ್ಕನೆ ಮೇಲೆ ಹೋಯಿತು, ನೂಕುತ್ತಿದ್ದವರೆಲ್ಲ ಮುಖ ಅಡಿಯಾಗಿ ಬಿದ್ದರು.

ಎಲ್ಲರೂ ಎದ್ದರು. ದೇವವ್ವ ಏಳಲಿಲ್ಲ.

ಅವಳು ಬಾಯ್ತುಂಬ ಉಪ್ಪು ಕುಡಿದು, ಥೂ ಎಂದು ಉಗುಳಿ, ಹೊರಳಿ, ಎರಡೂ ಕೈ ಬೀಸಿ ಹೊರಟೇಬಿಟ್ಟಳು. ಹೊಳೆ ಒಂದೇ ಕಡೆ ಎಳೆಯುತ್ತದೆ. ಇದು ಎತ್ತುತ್ತದೆ, ಇಳಿಸುತ್ತದೆ, ಹಿಂದಕ್ಕೆ ತಳ್ಳಿ ಮತ್ತೆ ಬಾ ಎನ್ನುತ್ತದೆ. ಕೂದಲು ಬಿಚ್ಚಿಹೋಯಿತು. ಅವಳಿಗೆ ತಡೆಯಲಾರದ ನಗು.

"ಮುಳುಗಿದಳೋ ನನ ಸೊಸಿ!" ಫಕ್ಕೀರವ್ವ ಬಾಯಿ ಬಡಿದುಕೊಂಡಳು.

"ಮುಳುಗೂರು ಹಾಂಗೆ ನಗೂದಿಲ್ಲ ಅಮ್ಮಾ," ಎಂದ ಮೀನುಗಾರ ಹಗ್ಗ ಸುತ್ತಿಕೊಂಡು, ಸಂಗಾತಿಗಳ ಜೊತೆ ದೋಣಿಯತ್ತ ಹೊರಟ.

"ಹೊರಗ ಬಾ ಅನ್ಲೇನಪ್ಪಾ?" ಗಾಡಿಯಿಂದಿಳಿದು ಬಂದ ಹೇಮಪ್ಪ ತಂದೆಯ ಮುಖ ನೋಡಿದ.

ಕರಬಸಪ್ಪ ಸೊಸೆಯನ್ನು ನೋಡಿದರು. ಬರಿತಲೆ, ಬಿಚ್ಚಿದ ಕೂದಲು. ಅವಳು ಕೈ ಆಡಿಸುವುದು ನಿಲ್ಲಿಸಿ, ಗದ್ದದವರೆಗೆ ನೀರಲ್ಲಿ ತೇಲುತ್ತ ಅವರನ್ನೇ ನೋಡಿದಳು. ಕರೆದರೆ ಬರಲೇಬೇಕು. ಬಂದರೆ ಮತ್ತೆ ಹಂಡೆ, ತಂಬಿಗೆ. ಕರಬಸಪ್ಪ ಬಾಯಿ ತೆರೆದರು. ಒದ್ದೆ ಮೀಸೆ ಒರೆಸಿಕೊಂಡರು.

"ನಾ ಏನೂ ನೋಡಿಲ್ಲಪಾ," ಎಂದು ಸಮುದ್ರಕ್ಕೆ ಬೆನ್ನು ಮಾಡಿ, ತೆಂಗಿನಮರಗಳ ಕಡೆ ಮುಖ ತಿರುಗಿಸಿ ನಿಂತರು. ಏನು ಮಾಡಬೇಕೆಂದು ತಿಳಿಯದೆ ಹೇಮಪ್ಪನೂ ತಿರುಗಿ ನಿಂತ.

ಬೆನ್ನು ಮಾಡಿದವರನ್ನು ಸಮುದ್ರ ಬಿಟ್ಟೀತೆ? ಅಲೆಯೊಂದು ಮೊಣಕಾಲ ಸಂದಿಗೆ ಬಡಿದು ಕರಬಸಪ್ಪನವರನ್ನು ನೀರಲ್ಲಿ ಕೂಡಿಸಿತು. ಅವರು ತಿರುಗಲಿಲ್ಲ. ಎದೆಮಟ್ಟ ನೀರಲ್ಲಿ ಕೂತೇ ತೆಂಗಿನಮರಗಳನ್ನು ಕೇಳಿದರು: "ಇನ್ನ ಎಷ್ಟೊತ್ತವಾ?"

"ಇನ್ನೊಂದೀಟರಿ, ಮಾವಾರ!" ಎಂದು ದೇವವ್ವ ಇಡೀ ದಂಡೆಗೆ ಕೇಳುವಂತೆ ಕೂಗಿ ಮತ್ತೆ ಮುಳುಗು ಹಾಕಿದಳು.

ಗಂಡಸರಿಬ್ಬರೂ ಆ ಕಡೆ ಮುಖ ಮಾಡಿದ್ದು ಖಾತ್ರಿಯಾದ ಮೇಲೆ ಫಕ್ಕೀರವ್ವ ಮೊಮ್ಮಗಳ ಕೈ ಹಿಡಿದು ಮೆಲ್ಲಗೆ ಕೇಳಿದಳು: "ಏ, ಬರ್ತೀಯೇನ? ನಾವೂ ಹೋಗೂಣು."