ಎರ್ರಿಸ್ವಾಮಿ ಹೆಸರಿನ ಪಾರ್ಸೆಲ್ಲು

ಮದುವೆಯಾದ ಹೊಸತರಲ್ಲಿ, ಸಿರುಗುಪ್ಪದ ಅತ್ತೆಮನೆಯ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ಎರ್ರಿಸ್ವಾಮಿ ಮಾತು ಕೊಟ್ಟಿದ್ದ. ಅತ್ತೆ ಉಚ್ಚೆಂಗೆಮ್ಮ ಬಿಸಿ ರೊಟ್ಟಿ ಹಾಕುತ್ತ, "ಬಳ್ಳಾರ್ಯಾಗ ದಿನಾ ರೈಲು ನೋಡ್ತೀರಪ್ಪ ನೀವು. ನಮ್ಮೂರಿಗೆ ನಾ ಲಂಗ ಉಡೋ ಕಾಲದಿಂದ ಬರ್ತೈತಿ ಬರ್ತೈತಿ ಅಂತಾರ. ಎಲ್ಲೈತೋ ಏನೋ" ಎಂದಿದ್ದಳು.

"ಯಾರರ ತರ್ಲಿ, ಬಿಡ್ಲಿ, ನಾ ತರ್ತೀನಿ ಬಿಡತ್ತಿ," ಎಂದಿದ್ದ ಎರ್ರಿಸ್ವಾಮಿ. "ಹಾರ್ನ್ ಹೊಡ್ಕೊಂತ ನಿಮ್ಮ ಪಡಸಾಲಿಗೇ ಬರ್ತೈತಿ ನೋಡ್ರಿ."

ಎಲ್ಲರೂ ನಕ್ಕಿದ್ದರು. ಹೊಸ ಮದುಮಗಳು ರೇಣುಕಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದಳು. ಅವನು ಮಾತ್ರ ನಗಲಿಲ್ಲ, ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಎರ್ರಿಸ್ವಾಮಿ ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಹೊಲಿಗೆ ಮಷೀನು ರಿಪೇರಿ ಮಾಡುತ್ತಿದ್ದ. ಮಗಳು ಪೂಜಿತಾ ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಯಾರಿಂದಲೋ ಹಳೆಯದೊಂದು ಮಾಡೆಲ್ ರೈಲು ಕೊಂಡು ತಂದ. ಅಂಗೈಯಗಲದ ಡೀಸೆಲ್ ಎಂಜಿನ್ನು, ಹಿಂದೆ ಮೂರು ನೀಲಿ ಡಬ್ಬಿ. ಭಾನುವಾರ ಬಂತೆಂದರೆ ಮಂಚ ಸರಿಸಿ ಹಳಿ ಜೋಡಿಸುವುದು, ಗಾಲಿಗೆ ಎಣ್ಣೆ ಬಿಡುವುದು, ತಿರುಗಿಸುವುದು. ಎಂಜಿನ್ನು ಚೆನ್ನಾಗಿ ಓಡುತ್ತಿತ್ತು. ಆದರೆ ಮೂಕ ಎಂಜಿನ್ನು, ದನಿಯೇ ಇಲ್ಲ.

"ಅವ್ವಗ ತೋರ್ಸೋಣ ನಡೀರಿ," ಎಂದು ರೇಣುಕಾ ಅಂದರೆ, "ದನಿ ಇಲ್ಲದ್ದು ಒಯ್ದ್ರ ಆಟಿಗಿ ಸಾಮಾನು ಅಂತ ಅತ್ತಿ ನಗ್ತಾಳ. ಹಾರ್ನ್ ಹೊಡ್ಕೊಂತ ಅಂದೀನಿ, ಹೊಡ್ಕೊಂತ ಹೋಗಬೇಕು," ಎನ್ನುತ್ತಿದ್ದ.

ಆ ದನಿಗೆ ಬೇಕಾದದ್ದು ಸೌಂಡ್ ಡಿಕೋಡರ್ ಎನ್ನುವ ಒಂದು ಎಲೆಕ್ಟ್ರಾನಿಕ್ ಚಿಪ್ಪು. ಉಗುರಿಗಿಂತ ಸ್ವಲ್ಪ ದೊಡ್ಡದು. ಎಂಜಿನ್ನಿನ ಹೊಟ್ಟೆಯೊಳಗೆ ಕೂರಿಸಿದರೆ ಅದು ಓಡುವಾಗ ಗುರುಗುಡುತ್ತದೆ, ಗುಂಡಿ ಒತ್ತಿದರೆ ಹಾರ್ನ್ ಹೊಡೆಯುತ್ತದೆ. ಪೂಜಿತಾ ಪಿಯುಸಿಗೆ ಬರುವ ಹೊತ್ತಿಗೆ ಅದನ್ನು ಹೊರದೇಶದಿಂದ ತರಿಸಿಕೊಡುವ ಅಂಗಡಿಯವನೊಬ್ಬ ಬೆಂಗಳೂರಿನಲ್ಲಿ ಸಿಕ್ಕ. ಬೇಕಾದ ಹಾರ್ನಿನ ರೆಕಾರ್ಡ್ ಕಳಿಸಿದರೆ ಅದನ್ನೇ ತುಂಬಿಕೊಡುತ್ತೇನೆ ಎಂದಿದ್ದ. ಅದಕ್ಕಾಗಿ ಎರ್ರಿಸ್ವಾಮಿ ಒಂದು ಸಂಜೆ ಹೆಂಡತಿಯನ್ನು ಕರೆದುಕೊಂಡು ಕೌಲ್ ಬಜಾರಿನ ರೈಲ್ವೆ ಗೇಟಿಗೆ ಹೋಗಿ, ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತ. ಗೂಡ್ಸಿನ ಡೀಸೆಲ್ ಎಂಜಿನ್ನು ಎರಡು ಸಲ ಹಾರ್ನ್ ಹೊಡೆದು ದಾಟಿತು.

"ಏನ್ರಿ, ಕೈ ಇಳಸ್ರಿ, ಮಂದಿ ನೋಡಾಕತ್ತಾರ," ಎಂದಳು ರೇಣುಕಾ.

"ಆತು ಬಿಡು. ಇನ್ನ ನಿನ್ನ ಬೈಗುಳಾನೂ ಎಂಜಿನ್ನಿನ ಹೊಟ್ಯಾಗ ಹೋತು," ಎಂದು ಎರ್ರಿಸ್ವಾಮಿ ಗಟ್ಟಿಯಾಗಿ ನಕ್ಕ.

ಆ ನಗುವಿನ ಸಮೇತ ರೆಕಾರ್ಡು ಬೆಂಗಳೂರಿಗೆ ಹೋಯಿತು. ಆಮೇಲೆ ಫೋನಿನಲ್ಲಿ ಜಾಗ ಸಾಲದೆ ಅವನು ಆ ರೆಕಾರ್ಡೂ ಸೇರಿ ಇದ್ದದ್ದನ್ನೆಲ್ಲ ಅಳಿಸಿಹಾಕಿದ. ಡಿಕೋಡರು ಬರಲಿಲ್ಲ. ಚಿಪ್ಪಿಗೆ ಬರ ಬಿದ್ದಿದೆ, ತಡವಾಗುತ್ತದೆ ಎಂದು ಅಂಗಡಿಯಿಂದ ಇಂಗ್ಲಿಷಿನಲ್ಲಿ ಮೆಸೇಜು ಬರುತ್ತಿತ್ತು. ಎರ್ರಿಸ್ವಾಮಿ ಪ್ರತಿಸಲವೂ 'ಓಕೆ' ಎಂದು ಒತ್ತುತ್ತಿದ್ದ. ಹಾಗೆ ಕಾಯುತ್ತಿರುವಾಗಲೇ ಒಂದು ಬೆಳಿಗ್ಗೆ ಯೂನಿಟ್ಟಿನಲ್ಲಿ ಮಷೀನಿನ ಪಕ್ಕ ಎದೆ ಹಿಡಿದುಕೊಂಡು ಕೂತವನು ಮೇಲೇಳಲಿಲ್ಲ.

ದಿನಕರ್ಮ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ ಅವನ ಫೋನು ಸದ್ದು ಮಾಡಿತು. ಪೂಜಿತಾ ಓದಿದಳು. "ಡಿಯರ್ ಎರ್ರಿಸ್ವಾಮಿ ಸರ್ ಅಂತ ಐತಮ್ಮ. ಡಿಕೋಡರ್ ಇನ್ನೂ ಲೇಟ್ ಆಗ್ತೈತಂತ. ಅಪ್ಪ ಇಲ್ಲ ಅಂತ ಹೇಳ್ಲಾ?"

ರೇಣುಕಾ ಫೋನು ಇಸಿದುಕೊಂಡು ತಾನೇ 'ಓಕೆ' ಒತ್ತಿದಳು.

ಆಮೇಲೆ ಅವಳು ಮನೆಯಲ್ಲಿದ್ದ ವಿಡಿಯೋಗಳನ್ನೆಲ್ಲ ಹುಡುಕಿದಳು. ಯಾವಾಗಲೂ ಫೋನು ಹಿಡಿದವನು ಅವನೇ, ಹಾಗಾಗಿ ಅವುಗಳಲ್ಲಿ ಇದ್ದವರು ಬೇರೆಯವರೇ. ಮದುವೆಯ ಸಿಡಿಯಲ್ಲಿ ಬರೀ ಬ್ಯಾಂಡಿನ ಸದ್ದು. ಎರ್ರಿಸ್ವಾಮಿಯ ದನಿ ಈ ಲೋಕದಲ್ಲಿ ಉಳಿದಿದ್ದರೆ ಅದು ಬರಬೇಕಾದ ಆ ಚಿಪ್ಪಿನಲ್ಲಿ ಮಾತ್ರ.

ಪೂಜಿತಾ ಹುಬ್ಬಳ್ಳಿಯ ನರ್ಸಿಂಗ್ ಕಾಲೇಜು ಸೇರಿ ಹಾಸ್ಟೆಲ್ಲಿಗೆ ಹೋದಳು. ಮನೆಯಲ್ಲಿ ಉಳಿದದ್ದು ರೇಣುಕಾ ಮತ್ತು ಆ ಫೋನು. ಅದೇ ಯೂನಿಟ್ಟಿನಲ್ಲಿ ಅವಳು ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದಳು. ಸಂಜೆ ಬಂದು ಒಬ್ಬಳಿಗೆ ಅನ್ನ ಇಡುವುದೇ ಬೇಸರ. ಅಳತೆ ತಪ್ಪಿ ಯಾವಾಗಲೂ ಹೆಚ್ಚಾಗುತ್ತಿತ್ತು. ತಟ್ಟೆಯ ಮುಂದೆ ಫೋನು ಇಟ್ಟುಕೊಂಡು ಉಣ್ಣುವಳು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಅದು ಸದ್ದು ಮಾಡುವುದು. ಅವಳಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟಕ್ಕಷ್ಟೇ. ಗಂಡನ ಹೆಸರು ಮತ್ತು 'ಡಿಲೇ' ಎನ್ನುವ ಪದದ ಆಕಾರ ಗುರುತು ಸಿಗುತ್ತಿತ್ತು. ಯಾರಿಗಾದರೂ ತೋರಿಸಿದರೆ, ಸತ್ತವನ ಹೆಸರಿನಲ್ಲಿ ಯಾಕೆ ಉತ್ತರ ಕೊಡುತ್ತೀ ಎಂದು ಕೇಳಿಯಾರು. ಹಾಗಾಗಿ ಏನೇ ಬರಲಿ, ಗಂಡ ಮಾಡುತ್ತಿದ್ದಂತೆ 'ಓಕೆ' ಒತ್ತುತ್ತಿದ್ದಳು. ಒತ್ತಿದ ದಿನ ಮನೆ ಅಷ್ಟು ಖಾಲಿ ಅನ್ನಿಸುತ್ತಿರಲಿಲ್ಲ. ಎಲ್ಲೋ ಒಂದು ಕಡೆ ಎರ್ರಿಸ್ವಾಮಿ ಇನ್ನೂ ಸರ್ ಆಗಿದ್ದ, ಅವನ ಸಾಮಾನು ತಡವಾದದ್ದಕ್ಕೆ ಯಾರೋ ಕ್ಷಮೆ ಕೇಳುತ್ತಿದ್ದರು.

"ಏನ್ಲೇ ರೇಣುಕಾ, ಎರಡೆರಡು ಫೋನು! ಓನರ್ ಆಗ್ಬಿಟ್ಟಿಯೇನು?" ಎಂದು ಪಕ್ಕದ ಮಷೀನಿನ ಜ್ಯೋತಿ ಕಾಲೆಳೆದಳು.

"ಒಂದು ನನ್ನ ಗಂಡಂದು."

ಇಬ್ಬರ ಮಷೀನೂ ಜೋರಾಗಿ ಓಡಿದವು.

ಕೊನೆಗೂ ಪಾರ್ಸೆಲ್ ಬಂದದ್ದು ಯೂನಿಟ್ಟಿಗೆ ರಜೆ ಇದ್ದ ದಿನ. ಬಾಗಿಲಲ್ಲಿ ನಿಂತ ಡೆಲಿವರಿಯವನು, "ಎರ್ರಿಸ್ವಾಮಿ ಅನ್ನೋರು ಅದಾರೇನ್ರಿ?" ಎಂದ.

"ಡ್ಯೂಟಿಗೆ ಹೋಗ್ಯಾರ."

"ಅವ್ರ ಫೋನಿಗೆ ಓಟಿಪಿ ಹೋಗೈತಿ. ಕೇಳಿ ಹೇಳ್ರಿ."

ಫೋನು ಅವಳ ಕೈಯಲ್ಲೇ ಇತ್ತು. ಅಂಕಿ ಹೇಳಿ ಪಾರ್ಸೆಲ್ ತೆಗೆದುಕೊಂಡಳು. ಬೆಂಕಿಪೊಟ್ಟಣದಷ್ಟು ಹಗುರ. ದೇವರ ಮುಂದೆ ಇಟ್ಟಳು, ಬಿಚ್ಚಲಿಲ್ಲ.

ಭಾನುವಾರ ಎಂಜಿನ್ನು, ಡಬ್ಬಿ, ಹಳಿ ಎಲ್ಲವನ್ನೂ ಬ್ಯಾಗಿಗೆ ತುಂಬಿಕೊಂಡು ಕುರುಗೋಡಿನ ಬಸ್ಸು ಹತ್ತಿದಳು. ಅಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದ ಮರಿಬಸಪ್ಪ ಎರ್ರಿಸ್ವಾಮಿಯ ಗೆಳೆಯ.

"ಬಾ ತಂಗಿ. ಅಂತೂ ಬಂತಾ? ಇದನ್ನ ಕಾಯ್ಕೊಂತ ಅವ ನನ್ನ ತಲಿ ತಿಂದಿದ್ದ ನೋಡು," ಎನ್ನುತ್ತ ಮರಿಬಸಪ್ಪ ಎಂಜಿನ್ನಿನ ಹೊಟ್ಟೆ ಬಿಚ್ಚಿ, ಸಣ್ಣ ಸಣ್ಣ ವೈರುಗಳನ್ನು ಬೆಸೆದ. ಟೇಬಲ್ಲಿನ ಮೇಲೆ ಹಳಿ ಇಟ್ಟು ಕರೆಂಟು ಕೊಟ್ಟ. ಎಂಜಿನ್ನು ನಿಂತಲ್ಲೇ ಗುರುಗುಟ್ಟಿತು. ಗುಂಡಿ ಒತ್ತಿದ. ಒಂದು ಹಾರ್ನು, ಇನ್ನೊಂದು ಹಾರ್ನು. ಅದೇ ಗೇಟು, ಅದೇ ಸಂಜೆ. ರೇಣುಕಾ ಟೇಬಲ್ಲಿಗೆ ಬಾಗಿ ಕಿವಿ ಕೊಟ್ಟಳು.

ಆಮೇಲೆ ಏನೂ ಬರಲಿಲ್ಲ.

"ಇನ್ನೊಮ್ಮಿ ಒತ್ತಣ್ಣ."

ಮತ್ತೆ ಎರಡು ಹಾರ್ನು. ಮತ್ತೆ ಸುಮ್ಮನೆ.

"ಮುಂದಿಂದು ಹಾಕು."

"ಮುಂದ ಏನೈತಿ ತಂಗಿ? ಇಷ್ಟ ಇರೋದು."

ಅವಳು ಗೇಟಿನ ಕತೆ ಹೇಳಿದಳು. ಮರಿಬಸಪ್ಪ ಬೆಂಗಳೂರಿನ ಅಂಗಡಿಯ ನಂಬರಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟ.

ಆ ಕಡೆಯವನ ದನಿ ಮೃದುವಾಗಿತ್ತು. "ಹೌದು ಸರ್, ಹಾರ್ನ್ ಆದ್ಮೇಲೆ ಯಾರೋ ಮಾತಾಡಿ ನಗೋದು ಇತ್ತು. ತೆಗೆದುಬಿಡ್ಲಾ ಅಂತ ಯುಗಾದಿ ಹೊತ್ತಿಗೆ ಮೆಸೇಜ್ ಮಾಡಿದ್ವಿ. ಎರ್ರಿಸ್ವಾಮಿ ಸರ್ ಓಕೆ ಅಂದ್ರು. ಅದಕ್ಕೇ ಕ್ಲೀನ್ ಮಾಡಿ ಹಾಕಿದ್ದು."

"ಹಳೇದು ಇಲ್ಲೇನ್ರಿ ನಿಮ್ಮ ಹತ್ರ?"

"ಇಟ್ಕೊಳ್ಳಲ್ಲ ಸರ್. ಎರ್ರಿಸ್ವಾಮಿ ಸರ್ ಹತ್ರನೇ ಇರುತ್ತೆ, ಒಂದ್ಸಲ ಕೇಳಿ ನೋಡಿ."

ಮರಿಬಸಪ್ಪ ಅವಳ ಮುಖ ನೋಡಿದ. ರೇಣುಕಾ ಫೋನು ತೆಗೆದುಕೊಂಡು, "ಆತ್ರಿ. ಕೇಳ್ತೀನಿ ಅವ್ರನ್ನ," ಎಂದು ಇಟ್ಟಳು.

ಯುಗಾದಿಯ ಹಿಂದಿನ ದಿನ ಬಂದ ಮೆಸೇಜು ಅವಳಿಗೆ ನೆನಪಿತ್ತು. ಕಡಬಿಗೆ ಹೂರಣ ರುಬ್ಬುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು, ನಗುತ್ತ 'ಓಕೆ' ಒತ್ತಿದ್ದಳು.

"ಚಾ ತರಿಸ್ತೀನಿ, ಕುಡದು ಬಳ್ಳಾರಿ ಬಸ್ ಹತ್ತು," ಎಂದ ಮರಿಬಸಪ್ಪ.

"ಇಲ್ಲಣ್ಣ. ಸಿರುಗುಪ್ಪಕ್ಕ ಹೋಗಾಕಬೇಕು."

ಬಸ್ಸಿನಲ್ಲಿ ಎಂಜಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೊರಗೆ ಭತ್ತದ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು. ಪಕ್ಕದ ಹೆಂಗಸು, "ಮಗಂಗೇನ್ರಿ?" ಎಂದು ಕೇಳಿದಳು. "ನಮ್ಮವ್ವಗ," ಎಂದು ರೇಣುಕಾ ಹೇಳಿದಾಗ ಆ ಹೆಂಗಸು ಕಿಟಕಿಯ ಕಡೆ ತಿರುಗಿದಳು.

ಉಚ್ಚೆಂಗೆಮ್ಮ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ರೇಣುಕಾ ಏನೂ ಹೇಳದೆ ಮೊರ ಸರಿಸಿ ಹಳಿ ಜೋಡಿಸಿದಳು, ವೈರು ಸಿಕ್ಕಿಸಿದಳು, ಗುಂಡಿ ಒತ್ತಿದಳು. ಎಂಜಿನ್ನು ಗುರುಗುಡುತ್ತ ಹೊರಟು, ಹಾರ್ನ್ ಹೊಡೆದು, ಕಂಬವನ್ನು ಬಳಸಿ ತಿರುಗಿ ಬಂತು. ಮುದುಕಿ ಬಾಯಿ ಬಿಟ್ಟುಕೊಂಡು ನೋಡಿದಳು.

"ಅಯ್ಯ ಶಿವನ! ಇಷ್ಟಾನ ರೈಲು? ನಾನೆಲ್ಲಿ ಕೂಡ್ಲಿ ಇದ್ರಾಗ?" ಎಂದು ನಗುತ್ತ ಹೇಳಿದವಳು ಮಗಳ ಮುಖ ನೋಡಿ ನಗು ನಿಲ್ಲಿಸಿದಳು. ಮೊರವನ್ನು ಇನ್ನಷ್ಟು ದೂರ ತಳ್ಳಿ, "ಇನ್ನೊಂದು ಸುತ್ತು ಬಿಡು, ನೋಡ್ತೀನಿ," ಎಂದಳು.

ರೇಣುಕಾ ಬಿಟ್ಟಳು. ಎರಡು ಹಾರ್ನು ಆದ ಮೇಲೆ ಪಡಸಾಲೆಯಲ್ಲಿ ಗಾಲಿಯ ಸದ್ದು ಮಾತ್ರ ಇತ್ತು. ಬ್ಯಾಗಿನಲ್ಲಿದ್ದ ಗಂಡನ ಫೋನನ್ನು ತೆಗೆದು ನೋಡಿದಳು. ಯಾವ ಮೆಸೇಜೂ ಇರಲಿಲ್ಲ. ಇನ್ನು ಬರುವಂಥದ್ದೂ ಏನೂ ಇರಲಿಲ್ಲ.

ರೈಲು ಹಾರ್ನ್ ಹೊಡೆಯುತ್ತ ಸಿರುಗುಪ್ಪದ ಪಡಸಾಲೆಗೆ ಬಂದಿತ್ತು. ಎರ್ರಿಸ್ವಾಮಿ ಕೊಟ್ಟ ಮಾತು ಉಳಿಯಿತು.